ಮಾಂಡವ್ಯನ್ಯಾಯ: ಕನ್ನಗಳವಿನ ತೀರ್ಪೂ ಅದರ ಪುನರ್ವಿಚಾರವೂ

ಮಹಾಭಾರತದ ಆದಿಪರ್ವದಲ್ಲಿ ಬರುವ ಅಣಿಮಾಂಡವ್ಯನ ಉಪಾಖ್ಯಾನವು ವಾಚಕರಿಗೆ ವಿದಿತವೇ ಆಗಿದೆ. ಕಳ್ಳರು ತಾವು ಕದ್ದ ಒಡವೆಯನ್ನು ಮುನಿಯ ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅಲ್ಲಿಯೇ ಅಡಗಿದರು. ಬೆನ್ನಟ್ಟಿ ಬಂದ ರಾಜಭಟರು ಕೇಳಿದ ಪ್ರಶ್ನೆಗೆ ಮೌನವ್ರತದಲ್ಲಿದ್ದ ಮುನಿಯು ಉತ್ತರ ಕೊಡಲಿಲ್ಲ. ಒಡವೆಯು ಆಶ್ರಮದಲ್ಲಿ ಸಿಕ್ಕಿತು. ಅರಸನು ಕಳ್ಳರೊಡನೆ ಮುನಿಯನ್ನೂ ಶೂಲಕ್ಕೇರಿಸಿದನು. ಈ ಕಥೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಅದರ ಉತ್ತರಾರ್ಧಕ್ಕೇ ಹೆಚ್ಚು ಬೆಲೆ ಕೊಡುತ್ತೇವೆ: ಬಾಲ್ಯದಲ್ಲಿ ಕೀಟವನ್ನು ಚುಚ್ಚಿದ ಕರ್ಮದ ಫಲ, ಯಮಧರ್ಮನಿಗೆ ಕೊಟ್ಟ ಶಾಪ, ವಿದುರನ ಜನನ. ಆದರೆ ಸ್ಮೃತಿಕಾರರಾದ ನಾರದ ಬೃಹಸ್ಪತಿಗಳು ಈ ಕಥೆಯ ಪೂರ್ವಾರ್ಧವನ್ನೇ ಎತ್ತಿಕೊಂಡು, ಅದನ್ನು ವ್ಯವಹಾರಶಾಸ್ತ್ರದ ಉದಾಹರಣೆಯನ್ನಾಗಿ ಮಾಡಿರುವರು. ಕಳ್ಳನಲ್ಲದವನು ವ್ಯವಹಾರದ ಬಲದಿಂದಲೇ ಕಳ್ಳನಾದನು. ಆದುದರಿಂದ ಯುಕ್ತಿಯಿಲ್ಲದ ನಿರ್ಣಯವು ಧರ್ಮಕ್ಕೆ ಹಾನಿಯನ್ನು ತರುವುದು ಎಂಬುದೇ ಅವರ ತಾತ್ಪರ್ಯ.

ಈ ಒಂದು ಮಾತನ್ನು ಆಧಾರವಾಗಿಟ್ಟುಕೊಂಡು, ಕನ್ನಗಳವಿನ ಆರೋಪದಲ್ಲಿ ಅಪರಾಧಿಯೆಂದು ತೀರ್ಪಾದವನು ಆ ತೀರ್ಪನ್ನು ಮತ್ತೊಮ್ಮೆ ವಿಚಾರಕ್ಕೆ ತರುವ ಬಗೆ ಯಾವುದು, ಅಲ್ಲಿ ಪರೀಕ್ಷಿಸತಕ್ಕ ವಸ್ತು ಯಾವುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲಾಗುವುದು. ಒಂದು ಕಡೆ ನಮ್ಮ ಕಲ್ಯಾಣ ಪಟ್ಟಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (ಕ್ರಿ. ಶ. ೧೦೭೬–೧೧೨೬) ವಿಜ್ಞಾನೇಶ್ವರನು ಬರೆದ ಮಿತಾಕ್ಷರೆ, ಇನ್ನೊಂದು ಕಡೆ ೧೮೯೮ನೆಯ ಇಸವಿಯ ಅಪರಾಧ ವಿಚಾರಣಾ ಸಂಹಿತೆಯಲ್ಲಿದ್ದ ಜೂರಿಯ ಪದ್ಧತಿ. ಎಂಟು ನೂರು ವರ್ಷಗಳ ಅಂತರವಿರುವ ಈ ಎರಡೂ ಪುನರ್ವಿಚಾರದಲ್ಲಿ ಒಂದೇ ಪ್ರಶ್ನೆಯನ್ನು ಮುಂದಿಡುತ್ತವೆ: ನಿರ್ಣಯಿಸಿದವರು ಯಾವ ದಾರಿಯಿಂದ ನಿರ್ಣಯಕ್ಕೆ ಬಂದರು?

೧. ಶಬ್ದವಿಚಾರ

ಸಂಸ್ಕೃತದಲ್ಲಿ ಈ ಅಪರಾಧಕ್ಕೆ ಸಂಧಿಚ್ಛೇದವೆಂದು ಹೆಸರು. ಸಂಧಿಯೆಂದರೆ ಗೋಡೆಯಲ್ಲಿ ಕೊರೆದ ಕಂಡಿ. ಅದನ್ನೇ ಕನ್ನಡದಲ್ಲಿ ಕನ್ನವೆನ್ನುವರು. ಕನ್ನವಿಕ್ಕುವುದು, ಕನ್ನಗಳ್ಳ, ಕನ್ನಗಳವು ಎಂಬ ಮಾತುಗಳು ಇದರಿಂದಲೇ ಹುಟ್ಟಿವೆ. ಮೃಚ್ಛಕಟಿಕದ ಮೂರನೆಯ ಅಂಕಕ್ಕೆ ಸಂಧಿಚ್ಛೇದವೆಂದೇ ಹೆಸರಿದ್ದು, ಅದರಲ್ಲಿ ಶರ್ವಿಲಕನು ಯಜ್ಞೋಪವೀತವನ್ನೇ ಅಳತೆಯ ದಾರವನ್ನಾಗಿ ಮಾಡಿಕೊಂಡು ಚಾರುದತ್ತನ ಮನೆಯ ಗೋಡೆಯನ್ನು ಕೊರೆಯುವುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು.

ಶಾಸ್ತ್ರದಲ್ಲಿ ಸ್ತೇಯ ಸಾಹಸಗಳಿಗೆ ಭೇದವುಂಟು. ಒಡೆಯನ ಎದುರಿಗೆ ಬಲಾತ್ಕಾರದಿಂದ ಕಸಿದರೆ ಸಾಹಸ. ಕಣ್ಣು ತಪ್ಪಿಸಿ ಅಪಹರಿಸಿದರೆ ಸ್ತೇಯ. ಸಂಧಿಚ್ಛೇದವು ಸ್ತೇಯದ ಅತ್ಯಂತ ಘೋರವಾದ ರೂಪ. ರಾತ್ರಿಯಲ್ಲಿ ಕನ್ನವಿಕ್ಕಿ ಕದ್ದವನ ಕೈಗಳನ್ನು ಕಡಿದು ಶೂಲಕ್ಕೇರಿಸಬೇಕೆಂದು ಮನುವು ವಿಧಿಸಿರುವನು. ೧೮೬೦ರ ಭಾರತೀಯ ದಂಡಸಂಹಿತೆಯ ೪೪೫ನೆಯ ಕಲಮಿನಲ್ಲಿ ಮನೆಯೊಡೆಯುವುದಕ್ಕೆ ಆರು ಬಗೆಗಳನ್ನು ಹೇಳಿದೆ. ಗೋಡೆ ಕೊರೆದು ನುಗ್ಗುವುದು ಮಾತ್ರವಲ್ಲ, ಮನುಷ್ಯರು ಓಡಾಡತಕ್ಕುದಲ್ಲದ ದಾರಿಯಿಂದ ಹೊಗುವುದು, ಬೀಗ ತೆಗೆಯುವುದು ಮೊದಲಾದುವೂ ಅದರಲ್ಲಿ ಸೇರುವುವು. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಕಾಲದಲ್ಲಿ ಇದು ನಡೆದರೆ ದೋಷವು ಹೆಚ್ಚು. ಕಳವಿನ ಉದ್ದೇಶದಿಂದ ರಾತ್ರಿ ಮನೆಯೊಡೆದವನಿಗೆ ೪೫೭ನೆಯ ಕಲಮಿನಂತೆ ಹದಿನಾಲ್ಕು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದಾಗಿತ್ತು. ೨೦೨೪ನೆಯ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಈ ಅಪರಾಧವನ್ನು ಉಳಿಸಿಕೊಂಡಿದೆ.

ರಾತ್ರಿ, ಕತ್ತಲೆ, ಮಲಗಿದ ಮನೆಯವರು: ಇದೇ ಈ ಅಪರಾಧದ ಸ್ವರೂಪವಾದುದರಿಂದ ಕಣ್ಣಾರೆ ಕಂಡ ಸಾಕ್ಷಿ ದೊರೆಯುವುದು ಅಪೂರ್ವ. ಆದಕಾರಣ ಪ್ರಮಾಣದ ಭಾರವೆಲ್ಲವೂ ಒಂದೇ ವಸ್ತುವಿನ ಮೇಲೆ ಬೀಳುವುದು. ಅದು ಕದ್ದ ಒಡವೆ. ಶಾಸ್ತ್ರದ ಮಾತಿನಲ್ಲಿ ಲೋಪ್ತ್ರ.

೨. ಲೋಪ್ತ್ರದ ಪ್ರಾಮಾಣ್ಯ

ಕಳ್ಳನನ್ನು ಹಿಡಿಯುವುದಕ್ಕೆ ಯಾಜ್ಞವಲ್ಕ್ಯನು ನಾಲ್ಕು ಗುರುತುಗಳನ್ನು ಹೇಳಿರುವನು: ಲೋಪ್ತ್ರವು ಕೈಯಲ್ಲಿ ಸಿಕ್ಕಿರುವುದು, ಹೆಜ್ಜೆಯ ಜಾಡು, ಹಿಂದೆ ಅಪರಾಧ ಮಾಡಿರುವುದು, ವಾಸಸ್ಥಾನವು ಶುದ್ಧವಲ್ಲದಿರುವುದು. ಇವಲ್ಲದೆ ಹೆಸರು ಜಾತಿಗಳನ್ನು ಮರೆಮಾಚುವವನು, ಕೇಳಿದೊಡನೆ ಬಾಯೊಣಗಿ ದನಿ ತಡವರಿಸುವವನು, ವರಮಾನವಿಲ್ಲದೆ ವೆಚ್ಚ ಮಾಡುವವನು ಮುಂತಾದವರನ್ನು ಶಂಕೆಯಿಂದ ಹಿಡಿಯಬಹುದೆಂದೂ ಹೇಳಿದೆ. ಇಲ್ಲಿ ವಿದ್ವಾಂಸರು ಗಮನಿಸತಕ್ಕ ಅಂಶವೊಂದುಂಟು. ಇವು ಗ್ರಹಣಕ್ಕೆ ಹೇಳಿದ ಕಾರಣಗಳೇ ಹೊರತು ದಂಡಕ್ಕೆ ಹೇಳಿದ ಕಾರಣಗಳಲ್ಲ. ಹಿಡಿಯುವುದು ಬೇರೆ, ಶಿಕ್ಷಿಸುವುದು ಬೇರೆ.

ಈ ಭೇದವನ್ನು ವಿಜ್ಞಾನೇಶ್ವರನು ಸ್ಪಷ್ಟಪಡಿಸಿರುವನು. ಇಂಥ ಗುರುತುಗಳು ಕಳ್ಳನಲ್ಲದವನಲ್ಲಿಯೂ ತೋರಬಹುದಾದುದರಿಂದ, ಇಷ್ಟರಿಂದಲೇ ಕಳ್ಳನೆಂದು ನಿಶ್ಚಯಿಸಲಾಗದೆಂದು ಹೇಳಿ, ಅದಕ್ಕೆ ನಾರದನ ವಚನಗಳನ್ನು ಉದಾಹರಿಸುವನು. ಅವುಗಳ ಅಭಿಪ್ರಾಯವಿದು: ಒಡವೆಯು ಬೇರೊಬ್ಬನ ಕೈಯಿಂದ ಜಾರಿ ಬಿದ್ದಿರಬಹುದು, ನೆಲದಲ್ಲಿ ಅಕಸ್ಮಾತ್ತಾಗಿ ದೊರೆತಿರಬಹುದು, ಕಳ್ಳನೇ ಅದನ್ನು ಎಸೆದು ಹೋಗಿರಬಹುದು. ಆದುದರಿಂದ ಲೋಪ್ತ್ರವನ್ನು ಪ್ರಯತ್ನಪೂರ್ವಕವಾಗಿ ಪರೀಕ್ಷಿಸತಕ್ಕದ್ದು; ಸುಳ್ಳು ಸತ್ಯದಂತೆಯೂ ಸತ್ಯವು ಸುಳ್ಳಿನಂತೆಯೂ ತೋರುವುದುಂಟು.

ಕನ್ನಡ ಸಂಸ್ಕೃತ ಸಾಹಿತ್ಯಗಳೆರಡರಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ಮೃಚ್ಛಕಟಿಕದ ಒಂಬತ್ತನೆಯ ಅಂಕದಲ್ಲಿ ವಸಂತಸೇನೆಯ ಆಭರಣಗಳು ನ್ಯಾಯಸ್ಥಾನದಲ್ಲಿಯೇ ಮೈತ್ರೇಯನ ಕಂಕುಳಿನಿಂದ ಕೆಳಗೆ ಬೀಳುತ್ತವೆ. ಚಿನ್ನದ ಬಂಡಿಗಾಗಿ ಅಳುತ್ತಿದ್ದ ಬಾಲಕನಿಗೆ ಅವಳೇ ಕೊಟ್ಟಿದ್ದ ಆ ಒಡವೆಗಳನ್ನು ಹಿಂದಿರುಗಿಸಲೆಂದು ಮೈತ್ರೇಯನು ಒಯ್ಯುತ್ತಿದ್ದನು. ಸತ್ಯವಾದ ಸಮಾಧಾನವಿದ್ದರೂ ಅದನ್ನು ವಿಸ್ತಾರವಾಗಿ ಹೇಳುವವರಾಗಲಿ ಕೇಳುವವರಾಗಲಿ ಇಲ್ಲದೆ, ಆಭರಣಗಳು ಬಿದ್ದ ಕ್ಷಣದಲ್ಲಿಯೇ ಚಾರುದತ್ತನ ವಿಧಿ ನಿರ್ಣಯವಾಗುತ್ತದೆ. ಇದಕ್ಕೆ ವಿಪರೀತವಾದ ಸಂದರ್ಭವು ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿದೆ. ಅಲ್ಲಿ ಅರಸನ ಹಾರವನ್ನು ಕದ್ದ ನಿಜವಾದ ಕಳ್ಳನು ಕುಷ್ಠರೋಗಿಯ ವೇಷದಲ್ಲಿದ್ದು, ತಳಾರನು ಹಿಡಿದು ತಂದು ನಾನಾ ಹಿಂಸೆಗಳಿಗೆ ಗುರಿಮಾಡಿದರೂ ತಾನು ಕಳ್ಳನಲ್ಲವೆಂದೇ ಸಾಧಿಸುತ್ತಾನೆ. ಒಂದರಲ್ಲಿ ನಿರಪರಾಧಿಯು ಅಪರಾಧಿಯಂತೆಯೂ, ಇನ್ನೊಂದರಲ್ಲಿ ಅಪರಾಧಿಯು ನಿರಪರಾಧಿಯಂತೆಯೂ ತೋರುವುದನ್ನು ಕಾಣಬಹುದು.

ಆಧುನಿಕ ಧರ್ಮಶಾಸ್ತ್ರದಲ್ಲಿಯೂ ಇದೇ ವಿಚಾರವುಂಟು. ಕಳವಾದ ಸ್ವಲ್ಪ ಕಾಲದೊಳಗೆ ಒಡವೆಯನ್ನು ಹೊಂದಿರುವವನು, ಅದು ತನಗೆ ಬಂದ ಬಗೆಯನ್ನು ತಿಳಿಸದಿದ್ದರೆ, ತಾನೇ ಕಳ್ಳನು ಅಥವಾ ಕಳವಿನ ಮಾಲೆಂದು ತಿಳಿದು ಕೊಂಡವನು ಎಂದು ನ್ಯಾಯಸ್ಥಾನವು ಊಹಿಸಬಹುದೆಂದು ೧೮೭೨ರ ಸಾಕ್ಷ್ಯದ ಕಾಯಿದೆಯ ೧೧೪ನೆಯ ಕಲಮಿನ ಮೊದಲನೆಯ ಉದಾಹರಣೆಯು ಹೇಳಿತ್ತು. ಊಹಿಸಬಹುದು ಎಂದಿತ್ತೇ ಹೊರತು ಊಹಿಸಲೇಬೇಕು ಎಂದಿರಲಿಲ್ಲ. ಈ ಎರಡು ಕ್ರಿಯಾಪದಗಳ ನಡುವಣ ಅಂತರದಲ್ಲಿ ಎಷ್ಟೋ ಜನರ ಸ್ವಾತಂತ್ರ್ಯವು ನಿಂತಿದೆ.

ಆದರೆ ಎರಡು ಶಾಸ್ತ್ರಗಳಿಗೂ ಇಲ್ಲಿ ಒಂದು ಭೇದವಿದೆಯೆಂಬುದನ್ನು ಮರೆಯಲಾಗದು. ಶಂಕೆಯಿಂದ ಹಿಡಿಯಲ್ಪಟ್ಟವನು ತನ್ನನ್ನು ತಾನು ಶುದ್ಧಪಡಿಸಿಕೊಳ್ಳದಿದ್ದರೆ ಒಡವೆಯನ್ನು ಕೊಡಿಸಿ ಚೋರದಂಡವನ್ನು ವಿಧಿಸಬೇಕೆಂದು ಯಾಜ್ಞವಲ್ಕ್ಯನ ಮತ. ಕಳ್ಳನಲ್ಲವೆಂಬ ಅಭಾವವನ್ನು ಸಾಧಿಸುವುದು ಹೇಗೆಂಬ ಆಕ್ಷೇಪವನ್ನು ಮಿತಾಕ್ಷರೆಯೇ ಎತ್ತಿ, ಆ ಕಾಲದಲ್ಲಿ ತಾನು ಬೇರೆ ಊರಿನಲ್ಲಿದ್ದೆನೆಂದು ಸಾಕ್ಷಿಗಳಿಂದಲೋ ದಿವ್ಯದಿಂದಲೋ ಸಾಧಿಸಬಹುದೆಂದು ಸಮಾಧಾನ ಹೇಳುತ್ತದೆ. ಅಂದರೆ ಸಾಧನೆಯ ಭಾರವು ಆರೋಪಿಯ ಮೇಲಿದೆ. ಆಧುನಿಕ ಪದ್ಧತಿಯಲ್ಲಿ ಹಾಗಿಲ್ಲ. ೧೯೧೪ರಲ್ಲಿ ಇಂಗ್ಲೆಂಡಿನ ಕ್ರಿಮಿನಲ್ ಅಪೀಲು ನ್ಯಾಯಸ್ಥಾನವು ಶಾಮಾ ಮತ್ತು ಅಬ್ರಮೋವಿಚ್ ಎಂಬವರ ಮೊಕದ್ದಮೆಯಲ್ಲಿ, ಆರೋಪಿಯ ಸಮಾಧಾನವು ನಿಜವಿರಬಹುದೆಂದು ಯುಕ್ತವಾಗಿ ತೋರಿದರೆ ಸಾಕು, ಅದು ನಿಜವೆಂದು ಜೂರಿಗೆ ಮನವರಿಕೆಯಾಗದಿದ್ದರೂ ಅವನು ಬಿಡುಗಡೆಗೆ ಅರ್ಹನು ಎಂದು ನಿರ್ಣಯಿಸಿತು. ಇದೇ ತತ್ತ್ವವನ್ನು ೧೯೪೩ರಲ್ಲಿ ಪ್ರಿವಿ ಕೌನ್ಸಿಲ್ಲು ಪಶ್ಚಿಮ ಆಫ್ರಿಕದಿಂದ ಬಂದ ಗ್ಫೆಲ್ಲರ್ ಎಂಬವನ ಅಪೀಲಿನಲ್ಲಿ ಎತ್ತಿಹಿಡಿಯಿತು.

೩. ಸಭ್ಯರೂ ಜೂರಿಯೂ

ಸಭ್ಯರೇ ನಮ್ಮ ಜೂರಿಗಳೆಂದು ಕೆಲವರು ಹೇಳುವುದುಂಟು. ಈ ಸಾಮ್ಯವನ್ನು ವಿವೇಚಿಸಿ ಒಪ್ಪತಕ್ಕದ್ದು. ಸಭ್ಯರು ಶ್ರುತಾಧ್ಯಯನಸಂಪನ್ನರೂ ಧರ್ಮಜ್ಞರೂ ಸತ್ಯವಾದಿಗಳೂ ಶತ್ರುಮಿತ್ರರಲ್ಲಿ ಸಮರೂ ಆಗಿರಬೇಕೆಂದು ಯಾಜ್ಞವಲ್ಕ್ಯನ ವಿಧಿ. ಅವರ ಸಂಖ್ಯೆ ಏಳು, ಐದು ಅಥವಾ ಮೂರು ಎಂದು ಬೃಹಸ್ಪತಿಯ ವಚನ. ಅವರು ಶಾಸ್ತ್ರ ಬಲ್ಲವರಾದುದರಿಂದ ಜೂರಿಗಳೆನ್ನುವುದಕ್ಕಿಂತ ನ್ಯಾಯಾಧೀಶರ ಪೀಠವೆನ್ನುವುದೇ ಲೇಸು. ಜೂರಿಗೆ ಹೆಚ್ಚು ಸಮೀಪವಾದುದು ಮಿತಾಕ್ಷರೆಯು ಕಾತ್ಯಾಯನನಿಂದ ಉದಾಹರಿಸುವ ಇನ್ನೊಂದು ವರ್ಗ: ಕುಲ ಶೀಲ ವಯಸ್ಸು ವಿತ್ತಗಳುಳ್ಳ, ಮತ್ಸರವಿಲ್ಲದ ಕೆಲವರು ವರ್ತಕರು. ಲೋಕವ್ಯವಹಾರವನ್ನು ಬಲ್ಲವರು ಸಭೆಯಲ್ಲಿರಬೇಕೆಂಬುದೇ ಇದರ ಆಶಯವೆಂದು ತೋರುತ್ತದೆ.

೧೮೯೮ರ ಸಂಹಿತೆಯಂತೆ ಸೆಶನ್ಸ್ ಕೋರ್ಟಿನ ವಿಚಾರಣೆಯು ಜೂರಿಯ ಸಂಗಡ ಅಥವಾ ಅಸೆಸರರ ಸಂಗಡ ನಡೆಯುತ್ತಿತ್ತು. ಯಾವ ಜಿಲ್ಲೆಯಲ್ಲಿ ಯಾವ ಅಪರಾಧಗಳಿಗೆ ಜೂರಿ ಎಂಬುದನ್ನು ಪ್ರಾಂತಸರಕಾರವು ಗೊತ್ತುಪಡಿಸುತ್ತಿತ್ತು. ಜೂರಿಗಳ ಸಂಖ್ಯೆ ಬೆಸವಾಗಿದ್ದು, ಒಂಬತ್ತನ್ನು ಮೀರುತ್ತಿರಲಿಲ್ಲ. ಕಾಯಿದೆ ಯಾವುದು, ಯಾವ ಸಾಕ್ಷ್ಯ ಗ್ರಾಹ್ಯ ಎಂಬುದು ನ್ಯಾಯಾಧೀಶನ ಅಧಿಕಾರ. ಸಂಗತಿಯಲ್ಲಿ ಯಾವುದು ಸತ್ಯ ಎಂಬುದು ಜೂರಿಯ ಅಧಿಕಾರ. ಸಾಕ್ಷ್ಯವೆಲ್ಲವೂ ಮುಗಿದ ಮೇಲೆ ನ್ಯಾಯಾಧೀಶನು ಅದನ್ನು ಸಂಗ್ರಹಿಸಿ ಹೇಳಿ, ಅನ್ವಯಿಸತಕ್ಕ ಕಾಯಿದೆಯನ್ನು ಜೂರಿಗೆ ಬೋಧಿಸುತ್ತಿದ್ದನು. ಜೂರಿಯು ತನ್ನ ನಿರ್ಣಯವನ್ನು ಒಂದೆರಡು ಶಬ್ದಗಳಲ್ಲಿ ಹೇಳುವುದು, ಕಾರಣವನ್ನು ಹೇಳುವುದಿಲ್ಲ. ಜೂರಿಯ ವಿಚಾರಣೆಯಲ್ಲಿ ನ್ಯಾಯಾಧೀಶನು ಕಾರಣಸಹಿತವಾದ ತೀರ್ಪನ್ನು ಬರೆಯಬೇಕಾಗಿಯೂ ಇರಲಿಲ್ಲ. ತಾನು ಮಾಡಿದ ಬೋಧನೆಯ ಮುಖ್ಯಾಂಶಗಳನ್ನು ದಾಖಲೆ ಮಾಡಿದರೆ ಸಾಕಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಸೇರಿಸುವುದು ಉಚಿತ. ಕಳವಿನ ಜಾಡು ಊರಿನ ಎಲ್ಲೆಯನ್ನು ದಾಟದಿದ್ದರೆ ಗ್ರಾಮಾಧಿಪತಿಯೇ ಹೊಣೆ. ಜಾಡು ಹೋಗಿ ಮುಟ್ಟಿದ ಊರು ನಷ್ಟವನ್ನು ತುಂಬಿಕೊಡಬೇಕು ಎಂದು ಯಾಜ್ಞವಲ್ಕ್ಯನು ವಿಧಿಸಿರುವನು. ಕಳ್ಳನು ಸಿಕ್ಕದಿದ್ದರೆ ಊರೇ ತೆರಬೇಕಾದ ಕಡೆ, ಯಾರನ್ನಾದರೂ ಕಳ್ಳನೆಂದು ನಿಲ್ಲಿಸುವ ಆತುರವು ಊರವರಿಗೆ ಹುಟ್ಟುವುದು ಸಹಜ. ಜೂರಿಗಳೂ ಅದೇ ಸೀಮೆಯ ಗೃಹಸ್ಥರು. ತಮ್ಮ ಮನೆಯ ಗೋಡೆಗೂ ಕನ್ನ ಬಿದ್ದೀತೆಂಬ ಭಯವು ಅವರಿಗೂ ಇರುವುದು. ಆದುದರಿಂದಲೇ ನ್ಯಾಯಾಧೀಶನ ಬೋಧನೆಗೆ ಅಷ್ಟು ಮಹತ್ತ್ವ. ಭಯಕ್ಕೂ ನಿರ್ಣಯಕ್ಕೂ ನಡುವೆ ಅಡ್ಡವಾಗಿ ನಿಲ್ಲತಕ್ಕದ್ದು ಅದೊಂದೇ.

೪. ಪುನರ್ವಿಚಾರದ ವಿಧಿ

ಮಿತಾಕ್ಷರೆಯಲ್ಲಿ ಪುನರ್ವಿಚಾರದ ಸೋಪಾನವು ವಿಶದವಾಗಿದೆ. ಕುಲ, ಶ್ರೇಣಿ, ಪೂಗ, ರಾಜನಿಂದ ನಿಯುಕ್ತರಾದ ಅಧಿಕಾರಿಗಳು, ಕೊನೆಗೆ ರಾಜ: ಕೆಳಗಿನವರ ನಿರ್ಣಯದಿಂದ ತೃಪ್ತನಾಗದವನು ಮೇಲಿನವರಲ್ಲಿಗೆ ಹೋಗಬಹುದು, ಮೇಲಿನವರು ನಿರ್ಣಯಿಸಿದುದನ್ನು ಕೆಳಗಿನವರಲ್ಲಿಗೆ ಒಯ್ಯಲಾಗದು. ಒಂದೇ ವೃತ್ತಿಯವರ ಸಂಘವಾದ ಶ್ರೇಣಿಗೆ ಉದಾಹರಣೆ ಕೊಡುವಾಗ ವಿಜ್ಞಾನೇಶ್ವರನು ನೇಕಾರರನ್ನೂ ಹೆಸರಿಸಿರುವುದು, ಮಗ್ಗಗಳ ಊರೆನಿಸಿದ ನಮ್ಮ ಶಹಾಪುರದವರಿಗೆ ಹಿತವಾಗುವ ಮಾತು. ಆದರೆ ಬೃಹಸ್ಪತಿಯು ಸಾಹಸದ ವಿಚಾರವನ್ನು ಈ ಸಂಘಗಳಿಗೆ ಕೊಡುವುದಿಲ್ಲ. ಅಂಗಚ್ಛೇದ ವಧೆಗಳೇ ದಂಡವಾಗಿರುವ ಸಂಧಿಚ್ಛೇದವೂ ರಾಜಸಭೆಗೇ ಸಲ್ಲತಕ್ಕದ್ದೆಂದು ಊಹಿಸಬಹುದಾಗಿದೆ.

ತೀರ್ಪು ಎಂಥದಾದರೆ ತಿರುಗಿಸಬಹುದು? ಬಲದಿಂದಾಗಲಿ ಕಪಟದಿಂದಾಗಲಿ ನಡೆದ, ರಾತ್ರಿಯಲ್ಲಿ ಅಥವಾ ಮನೆಯೊಳಗೆ ನಡೆದ, ಶತ್ರುಗಳು ನಡೆಸಿದ ವ್ಯವಹಾರಗಳನ್ನು ನಿವರ್ತನಗೊಳಿಸತಕ್ಕದ್ದೆಂದು ಯಾಜ್ಞವಲ್ಕ್ಯನು ಹೇಳಿರುವನು. ವ್ಯವಹಾರಾಧ್ಯಾಯದ ಕೊನೆಯಲ್ಲಿ ದುರ್ದೃಷ್ಟವೆಂಬ ಶಬ್ದವು ಬರುವುದು. ದುರ್ದೃಷ್ಟವೆಂದರೆ ಕೆಟ್ಟದಾಗಿ ನೋಡಿದುದು, ತಪ್ಪಾಗಿ ವಿಚಾರಿಸಿದುದು. ಅಂಥ ವ್ಯವಹಾರವನ್ನು ರಾಜನು ಪುನಃ ನೋಡಿ, ತಪ್ಪು ಮಾಡಿದ ಸಭ್ಯರಿಗೂ ಅನ್ಯಾಯದಿಂದ ಗೆದ್ದವನಿಗೂ ವಿವಾದದ ದಂಡದ ಇಮ್ಮಡಿಯನ್ನು ವಿಧಿಸಬೇಕು. ಸಾಕ್ಷಿಗಳ ದೋಷದಿಂದ ವಿಚಾರವು ಕೆಟ್ಟಿದ್ದರೆ ಸಾಕ್ಷಿಗಳೇ ದಂಡ್ಯರು, ಸಭ್ಯರಲ್ಲ ಎಂದು ಮಿತಾಕ್ಷರೆಯು ವಿವೇಚಿಸಿದೆ. ಎಂದರೆ ತೀರ್ಪು ತಪ್ಪೆಂದು ಹೇಳುವುದಷ್ಟೇ ಸಾಲದು. ತಪ್ಪು ಯಾವ ಸ್ಥಾನದಲ್ಲಿ ಹುಟ್ಟಿತೆಂಬುದನ್ನು ಗೊತ್ತುಮಾಡಬೇಕು. ನ್ಯಾಯವಾಗಿ ಸೋತವನು ಸೋಲನ್ನೊಪ್ಪದೆ ಮತ್ತೆ ಬಂದು ಮತ್ತೆ ಸೋತರೆ ಅವನಿಗೂ ಇಮ್ಮಡಿ ದಂಡವುಂಟು.

೧೮೯೮ರ ಸಂಹಿತೆಯಲ್ಲಿ ಈ ಸ್ಥಾನವಿವೇಚನೆಯು ಇನ್ನೂ ಕಟ್ಟುನಿಟ್ಟಾಗಿತ್ತು. ೪೧೮ನೆಯ ಕಲಮಿನಂತೆ ಸಾಮಾನ್ಯವಾಗಿ ಅಪೀಲು ಸಂಗತಿಯ ಮೇಲೂ ಕಾಯಿದೆಯ ಮೇಲೂ ನಡೆಯತಕ್ಕದ್ದು. ಜೂರಿಯ ವಿಚಾರಣೆಯಾಗಿದ್ದರೆ ಕಾಯಿದೆಯ ಮೇಲೆ ಮಾತ್ರ. ೪೨೩ನೆಯ ಕಲಮಿನ ಎರಡನೆಯ ಭಾಗದಂತೆ, ನ್ಯಾಯಾಧೀಶನು ತಪ್ಪಾಗಿ ಬೋಧಿಸಿದುದರಿಂದ ಅಥವಾ ಅವನು ಹೇಳಿದ ಕಾಯಿದೆಯನ್ನು ಜೂರಿಯು ತಪ್ಪಾಗಿ ತಿಳಿದುದರಿಂದ ನಿರ್ಣಯವು ಕೆಟ್ಟಿತೆಂದು ಕಂಡಲ್ಲದೆ, ಮೇಲಿನ ಕೋರ್ಟು ಅದನ್ನು ಮುಟ್ಟಲಾಗದು. ತಪ್ಪುಬೋಧನೆಯು ಕಂಡುಬಂದ ಮೇಲೆ ಕೋರ್ಟು ಸಾಕ್ಷ್ಯವನ್ನೆಲ್ಲ ತಾನೇ ನೋಡಿ, ಅದರಿಂದ ನ್ಯಾಯಕ್ಕೆ ಹಾನಿಯಾಯಿತೇ ಎಂಬುದನ್ನು ನಿಶ್ಚಯಿಸಬಹುದೆಂದು ೧೯೪೬ರಲ್ಲಿ ಪ್ರಿವಿ ಕೌನ್ಸಿಲ್ಲು ಅಬ್ದುಲ್ ರಹೀಮನ ಮೊಕದ್ದಮೆಯಲ್ಲಿ ಹೇಳಿತು. ಅಪೀಲು ಮಾಡಿದವನ ಶಿಕ್ಷೆಯನ್ನು ಆ ಅಪೀಲಿನಲ್ಲಿಯೇ ಹೆಚ್ಚಿಸಲಾಗದೆಂಬ ನಿಯಮವೂ ಇದ್ದಿತು. ಈ ಒಂದು ವಿಷಯದಲ್ಲಿ ಇದು ಸ್ಮೃತಿಯ ಇಮ್ಮಡಿ ದಂಡಕ್ಕೆ ವಿರುದ್ಧವಾಗಿದೆ. ಉಚ್ಚ ನ್ಯಾಯಾಲಯವು ಬೇರೆ ಅಧಿಕಾರದಿಂದ, ಆರೋಪಿಗೆ ತಿಳಿವಳಿಕೆ ಕೊಟ್ಟು ಹೆಚ್ಚಿಸಬಹುದಾದ ಮಾತು ಬೇರೆ.

೫. ಒಂದು ಕಲ್ಪಿತ ನಿದರ್ಶನ

ಶಾಸ್ತ್ರದ ಪದ್ಧತಿಯಂತೆ ದೇವದತ್ತನನ್ನು ಕಲ್ಪಿಸಿಕೊಳ್ಳೋಣ. ಕಾಲವು ೧೯೪೮ಕ್ಕೆ ಹಿಂದಿನದು. ಆಗ ಶಹಾಪುರವು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಅದಕ್ಕೆ ಅಂಟಿಕೊಂಡಿದ್ದ ಬೆಳಗಾವಿಯು ಮುಂಬಯಿ ಪ್ರಾಂತದಲ್ಲಿದ್ದಿತು; ಪೇಟೆಗಳು ನೆರೆಹೊರೆಯವು, ಆಳಿಕೆಗಳು ಬೇರೆ. ಬೆಳಗಾವಿಯ ಒಂದು ಮನೆಯ ಹಿತ್ತಿಲ ಗೋಡೆಗೆ ರಾತ್ರಿ ಕನ್ನ ಬಿದ್ದು ಬೆಳ್ಳಿಯ ಕಾಲ್ಗಡಗಗಳು ಕಳವಾದುವು. ಮೂರು ತಿಂಗಳ ಮೇಲೆ ಶಹಾಪುರದ ನೇಕಾರ ದೇವದತ್ತನು ಅವನ್ನು ಮಾರಲು ಬೆಳಗಾವಿಯ ಸರಾಫನಲ್ಲಿಗೆ ಬಂದು ಸಿಕ್ಕಿಬಿದ್ದನು. ಸಂತೆಯಲ್ಲಿ ಗುರುತಿಲ್ಲದವನೊಬ್ಬನಿಂದ ಕೊಂಡೆನೆಂದು ಅವನ ಹೇಳಿಕೆ. ಮೊಕದ್ದಮೆಯು ಜೂರಿಯ ಮುಂದೆ ಬಂದಿತೆಂದೂ ಜೂರಿಯು ಅಪರಾಧಿಯೆಂದಿತೆಂದೂ ಇಟ್ಟುಕೊಳ್ಳೋಣ. ಅಪೀಲಿನಲ್ಲಿ ಅವನ ವಕೀಲನು ಏನನ್ನು ವಾದಿಸಬಹುದಾಗಿತ್ತು?

ಸಾಕ್ಷಿಗಳು ಸುಳ್ಳರು, ಜೂರಿಯು ಅವರನ್ನು ನಂಬಬಾರದಾಗಿತ್ತು ಎಂದು ವಾದಿಸುವಂತಿರಲಿಲ್ಲ. ನಂಬುವುದೂ ಬಿಡುವುದೂ ಜೂರಿಯ ಅಧಿಕಾರ. ವಕೀಲನು ಬೋಧನೆಯ ದಾಖಲೆಯನ್ನು ಕೈಗೆತ್ತಿಕೊಂಡು ಈ ಮುಂದಣ ಪ್ರಶ್ನೆಗಳನ್ನು ಕೇಳಬೇಕಾಗಿತ್ತು.

ಮೊದಲನೆಯದು: ಒಡವೆ ಸಿಕ್ಕಿದುದರಿಂದ ಅಪರಾಧವನ್ನು ಊಹಿಸಬಹುದು ಎನ್ನುವ ಬದಲು ಊಹಿಸಲೇಬೇಕು ಎಂದು ನ್ಯಾಯಾಧೀಶನು ಹೇಳ್ದನೆ? ಎರಡನೆಯದು: ಕೊಂಡುದನ್ನು ದೇವದತ್ತನೇ ಸಾಧಿಸಿ ತೋರಿಸಬೇಕೆಂದು ಹೇಳಿ, ಸಾಧನೆಯ ಭಾರವನ್ನು ಅವನ ಮೇಲೆ ಹಾಕಿದನೆ? ಮೂರನೆಯದು: ಮೂರು ತಿಂಗಳು ಕಳೆದ ಮೇಲೆ, ಕೈಯಿಂದ ಕೈಗೆ ಸುಲಭವಾಗಿ ಸಾಗುವ ಬೆಳ್ಳಿಯ ವಿಷಯದಲ್ಲಿ, ಕಳವಾದ ಸ್ವಲ್ಪ ಕಾಲದೊಳಗೆ ಎಂಬ ಮಾತು ಅನ್ವಯಿಸುವುದೋ ಎಂಬುದನ್ನು ಜೂರಿಯ ವಿಚಾರಕ್ಕೆ ಬಿಟ್ಟನೆ? ನಾಲ್ಕನೆಯದು: ಕಳವಿನ ಮಾಲನ್ನು ಇಟ್ಟುಕೊಂಡವನಿಗೂ ಕನ್ನವಿಕ್ಕಿದವನಿಗೂ ಇರುವ ಭೇದವನ್ನು ತಿಳಿಸಿದನೆ? ಐದನೆಯದು: ದೇವದತ್ತನ ಪೂರ್ವಾಪರಾಧದ ಸುದ್ದಿಯು ನಿರ್ಣಯಕ್ಕೆ ಮೊದಲೇ ಜೂರಿಯ ಕಿವಿಗೆ ಬಿದ್ದಿತೆ? ಹಿಂದಿನ ಶಿಕ್ಷೆಯ ಆರೋಪವನ್ನು ಪ್ರಸ್ತುತ ಅಪರಾಧದ ನಿರ್ಣಯವಾಗುವವರೆಗೆ ಓದಲಾಗದೆಂದು ಸಂಹಿತೆಯ ೩೧೦ನೆಯ ಕಲಮು ವಿಧಿಸಿತ್ತು. ಯಾಜ್ಞವಲ್ಕ್ಯನು ಪೂರ್ವಾಪರಾಧವನ್ನು ಗ್ರಹಣದ ಗುರುತೆಂದು ಹೇಳಿದನೇ ಹೊರತು ದಂಡದ ಪ್ರಮಾಣವೆಂದಲ್ಲ ಎಂಬ ಮಾತು ಇಲ್ಲಿ ನೆನಪಿಗೆ ಬರುವುದು.

ಇವುಗಳಲ್ಲಿ ಒಂದು ತಪ್ಪು ಸಿದ್ಧವಾಗಿ, ನಿರ್ಣಯವು ಅದರಿಂದಲೇ ಕೆಟ್ಟಿತೆಂದು ಕಂಡರೆ, ಶಿಕ್ಷೆಯು ರದ್ದಾಗಿ ಬಿಡುಗಡೆಯೋ ಮರುವಿಚಾರಣೆಯೋ ಆಗುವುದು. ತಪ್ಪುಬೋಧನೆಯೇ ಇರದಿದ್ದರೆ, ದೇವದತ್ತನು ನಿಜವಾಗಿಯೂ ಸಂತೆಯಲ್ಲಿ ಕೊಂಡವನಾಗಿದ್ದರೂ, ಅಪೀಲಿನ ಬಾಗಿಲು ಅವನಿಗೆ ಮುಚ್ಚಿದಂತೆಯೇ. ಜೂರಿಯ ಪದ್ಧತಿಯ ಅತ್ಯಂತ ಕಠಿನವಾದ ಅಂಶವು ಇದು. ನಿರ್ಣಯಿಸಿದವರು ಕಾರಣ ಹೇಳದಿದ್ದುದರಿಂದ, ಅವರ ಯುಕ್ತಿಯನ್ನು ನ್ಯಾಯಾಧೀಶನ ಮಾತಿನ ಮೂಲಕ ಊಹಿಸಬೇಕಾಗಿತ್ತು.

ಮೌನದ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಮಾಂಡವ್ಯನು ಕೆಟ್ಟದ್ದು ಒಡವೆಯಿಂದ ಎಷ್ಟೋ ಮೌನದಿಂದಲೂ ಅಷ್ಟೇ. ಆರೋಪಿಯು ಪ್ರಶ್ನೆಗೆ ಉತ್ತರ ಕೊಡದಿದ್ದರೆ ಕೋರ್ಟೂ ಜೂರಿಯೂ ಅದರಿಂದ ಯುಕ್ತವಾದ ಅನುಮಾನವನ್ನು ಮಾಡಬಹುದೆಂದು ೧೮೯೮ರ ಸಂಹಿತೆಯ ೩೪೨ನೆಯ ಕಲಮು ಹೇಳಿತ್ತು. ೧೯೫೦ರ ಸಂವಿಧಾನವು ಯಾವ ಆರೋಪಿಯೂ ತನಗೆ ವಿರುದ್ಧವಾಗಿ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಲಾಗದೆಂದು ಸಾರಿತು. ೧೯೭೩ರ ಸಂಹಿತೆಯಲ್ಲಿ ಆ ಅನುಮಾನದ ಮಾತು ಉಳಿಯಲಿಲ್ಲ.

೬. ಜೂರಿಯ ಅವಸಾನ

ಜೂರಿಯ ನಿರ್ಣಯವು ತಿರುಗಲು ಇನ್ನೊಂದು ದಾರಿಯೂ ಇದ್ದಿತು. ನಿರ್ಣಯವನ್ನು ನ್ಯಾಯಾಧೀಶನೇ ಒಪ್ಪದಿದ್ದರೆ ೩೦೭ನೆಯ ಕಲಮಿನಂತೆ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯಕ್ಕೆ ಕಳುಹಬಹುದಾಗಿತ್ತು. ವಿವೇಕಿಗಳಾದ ಯಾರೂ ಅಂಥ ನಿರ್ಣಯಕ್ಕೆ ಬರಲಾರರೆಂದು ಕಂಡರೆ ಮಾತ್ರ ಉಚ್ಚ ನ್ಯಾಯಾಲಯವು ಕೈಹಾಕತಕ್ಕದ್ದೆಂದು ೧೯೪೬ರಲ್ಲಿ ಪ್ರಿವಿ ಕೌನ್ಸಿಲ್ಲು ರಾಮಾನುಗ್ರಹ ಸಿಂಹನ ಮೊಕದ್ದಮೆಯಲ್ಲಿ ಗೆರೆ ಎಳೆಯಿತು. ಮುಂಬಯಿಯ ನಾನಾವತಿ ಮೊಕದ್ದಮೆಯು ಕಳವಿನದಲ್ಲ, ಕೊಲೆಯದು. ಆದರೂ ಈ ದಾರಿಗೆ ಪ್ರಸಿದ್ಧವಾದ ನಿದರ್ಶನ. ೧೯೫೯ರಲ್ಲಿ ಒಂಬತ್ತು ಜೂರಿಗಳಲ್ಲಿ ಎಂಟು ಮಂದಿ ನಿರಪರಾಧಿಯೆಂದರು. ನ್ಯಾಯಾಧೀಶನು ಒಪ್ಪದೆ ಉಚ್ಚ ನ್ಯಾಯಾಲಯಕ್ಕೆ ಕಳುಹಿದನು. ೧೯೬೦ರಲ್ಲಿ ಅಲ್ಲಿ ಅಪರಾಧಿಯೆಂದು ತೀರ್ಪಾಯಿತು. ೧೯೬೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈ ಮೊಕದ್ದಮೆಯಿಂದಲೇ ಜೂರಿಯು ನಿಂತುಹೋಯಿತೆಂದು ಹೇಳುವುದುಂಟು. ವಸ್ತುತಃ ಜೂರಿಯನ್ನು ರದ್ದುಮಾಡಬೇಕೆಂದು ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ, ಅದಕ್ಕೆ ಮೊದಲು ೧೯೫೮ರಲ್ಲಿಯೇ ಸೂಚಿಸಿತ್ತು. ೧೯೭೪ರ ಏಪ್ರಿಲ್ ೧ರಿಂದ ಜಾರಿಗೆ ಬಂದ ೧೯೭೩ರ ಸಂಹಿತೆಯಲ್ಲಿ ಜೂರಿಯ ಅಧ್ಯಾಯವೇ ಇಲ್ಲ.

ಈಗ ಕನ್ನಗಳವಿನ ಮೊಕದ್ದಮೆಯಲ್ಲಿ ಮ್ಯಾಜಿಸ್ಟ್ರೇಟನು ಕಾರಣಗಳನ್ನು ಬರೆದೇ ತೀರ್ಪು ಕೊಡಬೇಕು. ಬೆಳಗಾವಿ ಖಾನಾಪುರಗಳ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷಿತನಾದವನು ಮೂವತ್ತು ದಿನಗಳೊಳಗೆ ಬೆಳಗಾವಿಯ ಸೆಶನ್ಸ್ ಕೋರ್ಟಿಗೆ ಅಪೀಲು ಮಾಡಬಹುದು. ಅಲ್ಲಿ ಸಂಗತಿಯೂ ಕಾಯಿದೆಯೂ ಎರಡೂ ಪರೀಕ್ಷೆಗೆ ಬರುವುವು. ಅಪೀಲು ಮುಗಿಯುವವರೆಗೆ ಶಿಕ್ಷೆಯನ್ನು ತಡೆಹಿಡಿಯಬೇಕೆಂದು ಕೇಳಿಕೊಳ್ಳಬಹುದು. ಹಿಂಡಲಗಾ ಕಾರಾಗೃಹದಲ್ಲಿರುವವನು ಅಲ್ಲಿಯ ಅಧಿಕಾರಿಯ ಮೂಲಕವೇ ಅರ್ಜಿಯನ್ನು ಕಳುಹಬಹುದು. ವಕೀಲನನ್ನು ನೇಮಿಸಿಕೊಳ್ಳಲಾರದವನಿಗೆ ೧೯೮೭ರ ಕಾನೂನು ಸೇವೆಗಳ ಕಾಯಿದೆಯಂತೆ ಉಚಿತವಾದ ನೆರವು ಉಂಟು. ಸೆಶನ್ಸ್ ಕೋರ್ಟಿನ ಮೇಲೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠವಿದೆ. ಇಂದಿನ ದೇವದತ್ತನಿಗೆ ಹಿಂದಿನವನಿಗಿಂತ ಬಾಗಿಲುಗಳು ಹೆಚ್ಚು. ಆದರೂ ವಕೀಲನು ಕೇಳಬೇಕಾದ ಪ್ರಶ್ನೆಗಳು ಬದಲಾಗಿಲ್ಲ. ಆಗ ಬೋಧನೆಯಲ್ಲಿ ಹುಡುಕುತ್ತಿದ್ದ ತಪ್ಪನ್ನು ಈಗ ತೀರ್ಪಿನ ಕಾರಣಗಳಲ್ಲಿ ಹುಡುಕಬೇಕು, ಇಷ್ಟೇ ಭೇದ.

೭. ಉಪಸಂಹಾರ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಮುಗಿಯುವ ಬಗೆಯು ಅರ್ಥವತ್ತಾಗಿದೆ. ದುರ್ದೃಷ್ಟವಾದ ವ್ಯವಹಾರದ ಪುನರ್ದರ್ಶನ, ನ್ಯಾಯವಾಗಿ ಸೋತವನ ಹಠಕ್ಕೆ ದಂಡ, ಇವೆರಡನ್ನೂ ಹೇಳಿ, ಕಟ್ಟಕಡೆಯ ಶ್ಲೋಕದಲ್ಲಿ ರಾಜನು ಅನ್ಯಾಯದಿಂದ ವಸೂಲು ಮಾಡಿದ ದಂಡದ ಮಾತನ್ನು ಎತ್ತಿದೆ. ಅದನ್ನು ಮೂವತ್ತು ಮಡಿ ಮಾಡಿ ವರುಣನಿಗೆ ನಿವೇದಿಸಿ ಬ್ರಾಹ್ಮಣರಿಗೆ ಕೊಡಬೇಕೆಂದು ಮೂಲ. ಇಷ್ಟಕ್ಕೆ ವಿಜ್ಞಾನೇಶ್ವರನು ತೃಪ್ತನಾಗುವುದಿಲ್ಲ. ಯಾವನಿಂದ ಎಷ್ಟು ತೆಗೆದುಕೊಂಡಿತ್ತೋ ಅಷ್ಟನ್ನು ಅವನಿಗೆ ಹಿಂದಕ್ಕೆ ಕೊಡತಕ್ಕದ್ದು, ಇಲ್ಲದಿದ್ದರೆ ಅಪಹಾರದೋಷವು ಬರುವುದು ಎಂದು ಅವನು ಸೇರಿಸುವನು. ಅಪಹಾರವೆಂದರೆ ಕಳವೇ. ಕಳ್ಳನಲ್ಲದವನನ್ನು ಕಳ್ಳನೆಂದು ದಂಡಿಸಿ ಆ ದಂಡವನ್ನು ಇಟ್ಟುಕೊಂಡ ಅರಸನೇ ಕಳ್ಳನಾಗುವನೆಂಬುದು ಇದರಿಂದ ಫಲಿತವಾಯಿತು.

ಧನದಂಡವನ್ನು ಹಿಂದಕ್ಕೆ ಕೊಡಬಹುದು. ಸೆರೆಯಲ್ಲಿ ಕಳೆದ ವರ್ಷಗಳನ್ನು ಕೊಡಲಾಗದು, ಶೂಲವನ್ನಂತೂ ಕೇಳಲೇಬೇಕಾಗಿಲ್ಲ. ಮಾಂಡವ್ಯನನ್ನು ಶೂಲದಿಂದ ಇಳಿಸಿದಾಗ ಅದರ ಮೊನೆಯನ್ನು ಹೊರಕ್ಕೆ ತೆಗೆಯಲಾಗದೆ ಕತ್ತರಿಸಿ ಬಿಟ್ಟುದರಿಂದಲೇ ಅವನಿಗೆ ಅಣಿಮಾಂಡವ್ಯನೆಂಬ ಹೆಸರು ಬಂದಿತು. ಅರಸನು ತನ್ನ ತಪ್ಪನ್ನು ತಿಳಿದು ಕ್ಷಮೆ ಬೇಡಿದ ಮೇಲೂ ಆ ಮೊನೆಯು ಮುನಿಯ ಮೈಯಲ್ಲಿಯೇ ಉಳಿಯಿತು. ತೀರ್ಪು ತಿರುಗಿದ ಮೇಲೂ ತಿರುಗದೆ ಉಳಿಯುವ ಅಂಶವೊಂದು ಇದೆಯೆಂಬುದನ್ನು ಕವಿಯು ಈ ಹೆಸರಿನಲ್ಲಿಯೇ ಅಡಗಿಸಿಟ್ಟಿರುವಂತಿದೆ. ಈ ಉಪಾಖ್ಯಾನವನ್ನು ಬೋಧಿಸುವ ಅಧ್ಯಾಪಕರು ಕರ್ಮಫಲದ ಮಾತಿನೊಡನೆ, ಸ್ಮೃತಿಕಾರರು ಕಂಡ ಈ ಅರ್ಥವನ್ನೂ ವಿದ್ಯಾರ್ಥಿಗಳ ಮುಂದಿಡುವುದು ಯುಕ್ತವೆಂದು ತೋರುತ್ತದೆ.